ಎರೆನಾಡಿನ ಹಿತ್ತಲಲ್ಲಿ ಹಾಲಿಹಾಕ್

ಬೀಜದ ಅಂಗಡಿಗಳಲ್ಲಿ ತೂಗುಹಾಕಿರುವ ಬಣ್ಣದ ಪೊಟ್ಟಣಗಳಲ್ಲಿ ಒಂದರ ಮೇಲೆ ಆಳೆತ್ತರದ ಗಿಡದ ಚಿತ್ರವಿರುತ್ತದೆ. ನೆಟ್ಟಗೆ ನಿಂತ ಒಂದೇ ಕಾಂಡ, ಅದರ ಉದ್ದಕ್ಕೂ ಬಟ್ಟಲಿನಂಥ ಹೂಗಳು. ಗುಲಾಬಿ, ಕೆಂಪು, ಬಿಳಿ, ತಿಳಿಹಳದಿ, ಕಪ್ಪೆಂದೇ ಹೇಳಬಹುದಾದ ಕಡುಗೆಂಪು. ಹೆಸರು ಹಾಲಿಹಾಕ್. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳು ಇದನ್ನು ಬಹುವಾರ್ಷಿಕ ಹೂಗಿಡಗಳ ಸಾಲಿಗೆ ಸೇರಿಸುತ್ತವೆ. ಒಮ್ಮೆ ನೆಟ್ಟರೆ ಎರಡು ಮೂರು ವರ್ಷ ಅದೇ ಬುಡ ಮತ್ತೆ ಚಿಗುರಿ ಹೂಬಿಡುತ್ತದೆ ಎನ್ನುತ್ತವೆ.

ಅದೇ ಬೀಜವನ್ನು ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂಥ ಊರಿನಲ್ಲಿ ಬಿತ್ತಿದರೆ ಲೆಕ್ಕ ಬೇರೆಯಾಗುತ್ತದೆ. ದಸರೆಯ ಹೊತ್ತಿಗೆ ಬಿತ್ತಿದ ಗಿಡ ಚಳಿಗಾಲವೆಲ್ಲ ಸೊಗಸಾಗಿ ಬೆಳೆದು ಶಿವರಾತ್ರಿಯ ಸುಮಾರಿಗೆ ಮೈತುಂಬ ಹೂ ಹೊತ್ತು ನಿಲ್ಲುತ್ತದೆ. ಯುಗಾದಿ ದಾಟಿ ಬಿಸಿಲು 40 ಡಿಗ್ರಿಯತ್ತ ಏರಿತೆಂದರೆ ಒಣಗಿ ಕಡ್ಡಿಯಾಗುತ್ತದೆ. ಪುಸ್ತಕ ಹೇಳಿದ ಎರಡನೆಯ ವರ್ಷ ಇಲ್ಲಿ ಬರುವುದು ಕಷ್ಟ.

ಹಾಗಾದರೆ ಇದು ನಮ್ಮ ನೆಲಕ್ಕೆ ಒಗ್ಗದ ಪರದೇಶಿ ಹೂವೇ? ಇದರ ಕುಲಗೋತ್ರ ವಿಚಾರಿಸಲು ಹೊರಟರೆ ಸಿಗುವ ಉತ್ತರ ಸ್ವಾರಸ್ಯಕರವಾಗಿದೆ. ಹಾಲಿಹಾಕ್‌ನ ಹತ್ತಿರದ ನಂಟರು ಯಾರೂ ದೂರದಲ್ಲಿಲ್ಲ. ದೇವರ ಮುಡಿಗೇರುವ ದಾಸವಾಳ, ಹುಳಿಗೆ ಬೀಳುವ ಬೆಂಡೆ, ಜೋಳದ ರೊಟ್ಟಿಯ ಜೊತೆಗಿನ ಪುಂಡಿಪಲ್ಯ, ಎರೆಹೊಲದ ಹತ್ತಿ - ಇವೆಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಹಾಲಿಹಾಕ್‌ನ ಕುಟುಂಬದವೇ. ಈ ಕುಟುಂಬದ ಚರಿತ್ರೆಯನ್ನು ಓದಿದರೆ, ಗಿಡವೊಂದು ಒಂದು ಊರಿನಲ್ಲಿ ವರ್ಷಾನುವರ್ಷ ಉಳಿಯುವುದು ಬೇರಿನಿಂದಷ್ಟೇ ಅಲ್ಲ, ಬೀಜವನ್ನು ಎತ್ತಿಡುವ ಕೈಯಿಂದಲೂ ಹೌದು ಎಂಬುದು ತಿಳಿಯುತ್ತದೆ.

ಹೆಸರಿನ ಜಾಡು

ಹಾಲಿಹಾಕ್ ಎಂಬ ಹೆಸರಿಗೂ ನಮ್ಮ ಹಾಲಿಗೂ ಸಂಬಂಧವಿಲ್ಲ. ‘ಹಾಲಿ’ ಎಂದರೆ ಪವಿತ್ರ. ‘ಹಾಕ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಈ ಜಾತಿಯ ಗಿಡಗಳಿಗಿದ್ದ ಹೆಸರು. ಜೆರುಸಲೇಮಿನ ಕಡೆಯಿಂದ ಬಂದದ್ದರಿಂದ ಪವಿತ್ರವಾಯಿತು ಎಂಬ ವಿವರಣೆ ಜನಜನಿತವಾಗಿದೆ. ಚೀನೀಯರು ಇದನ್ನು ‘ಷು ಕ್ವೆಯ್’ ಎನ್ನುತ್ತಾರೆ. ಷು ಎಂದರೆ ಈಗಿನ ಸಿಚುವಾನ್ ಪ್ರಾಂತ್ಯದ ಪ್ರಾಚೀನ ಹೆಸರು. ಅಲ್ಲಿ ಇದು ಶತಮಾನಗಳಿಂದ ಅಂಗಳದ ಹೂವು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ‘ಆಲ್ಸಿಯ ರೋಸಿಯ’ ಎಂದು ಹೆಸರಿಟ್ಟ. ಮುಂದೆ ಕೆಲವರು ‘ಆಲ್ತಿಯ ರೋಸಿಯ’ ಎಂದು ಬದಲಿಸಿದರು. ಹಳೆಯ ಪುಸ್ತಕಗಳಲ್ಲಿ ಎರಡೂ ಹೆಸರುಗಳು ಕಾಣಸಿಗುತ್ತವೆ.

ಈ ಗಿಡದ ಒಳಬಳಗದ ಹೆಸರು ಮಾನವ ಇತಿಹಾಸದ ಬಲು ಹಿಂದಿನ ಪುಟವೊಂದರಲ್ಲಿಯೂ ಬರುತ್ತದೆ. ಇರಾಕಿನ ಕುರ್ದಿಸ್ತಾನದ ಶಾನಿದಾರ್ ಗುಹೆಯಲ್ಲಿ ಅಮೆರಿಕದ ಪುರಾತತ್ತ್ವಜ್ಞ ರಾಲ್ಫ್ ಸೊಲೆಕಿ ನಿಯಾಂಡರ್ತಾಲ್ ಮಾನವರ ಅಸ್ಥಿಗಳನ್ನು ಅಗೆದು ತೆಗೆದ. 1960ರಲ್ಲಿ ಸಿಕ್ಕ ಒಂದು ಅಸ್ಥಿಪಂಜರದ ಸುತ್ತಲಿನ ಮಣ್ಣಿನಲ್ಲಿ ಹೂವಿನ ಪರಾಗದ ಉಂಡೆಗಳಿದ್ದವು. ಅವುಗಳಲ್ಲಿ ಹಾಲಿಹಾಕ್ ಬಳಗದ ಪರಾಗವೂ ಇತ್ತು. ಸತ್ತವನ ಮೇಲೆ ಹೂವಿಟ್ಟು ಮಣ್ಣು ಮಾಡಿದ್ದಾರೆ ಎಂದು ಸೊಲೆಕಿ ವಾದಿಸಿದಾಗ ಜಗತ್ತೆಲ್ಲ ಬೆರಗಾಯಿತು. ಆ ಪರಾಗವನ್ನು ತಂದದ್ದು ಬಿಲ ತೋಡುವ ಇಲಿಗಳಿರಬಹುದು, ನೆಲದಲ್ಲಿ ಗೂಡುಕಟ್ಟುವ ಜೇನ್ನೊಣಗಳಿರಬಹುದು ಎಂಬ ಆಕ್ಷೇಪಗಳು ಮುಂದೆ ಬಂದವು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಜೇನ್ನೊಣಗಳ ಕಡೆಗೇ ಬೊಟ್ಟು ಮಾಡಿತು. ಹೂವಿಟ್ಟವರು ಯಾರೇ ಇರಲಿ, ಪಶ್ಚಿಮ ಏಷ್ಯಾದ ಬೆಟ್ಟಗಳಲ್ಲಿ ಈ ಬಳಗದ ಹೂಗಳು ಮನುಷ್ಯನಿಗಿಂತ ಮೊದಲೇ ಇದ್ದವೆಂಬುದರಲ್ಲಿ ಸಂಶಯವಿಲ್ಲ.

ನಮ್ಮ ದೇಶಕ್ಕೆ ಈ ಗಿಡದ ಪರಿಚಯವಾದ ದಾರಿ ಎರಡು. ಒಂದು ಔಷಧದ ದಾರಿ. ಹಿಂದಿಯಲ್ಲಿ ಹಾಲಿಹಾಕ್‌ಗೆ ‘ಗುಲ್‌ಖೈರಾ’ ಎನ್ನುತ್ತಾರೆ. ಯುನಾನಿ ವೈದ್ಯದಲ್ಲಿ ಇದೂ ಇದರ ದಾಯಾದಿ ಗಿಡಗಳೂ ‘ಖತ್ಮಿ’ ಎಂಬ ಹೆಸರಿನಲ್ಲಿ ಬಳಕೆಯಾಗುತ್ತವೆ. ನೆಗಡಿ-ಕೆಮ್ಮಿಗೆ ಕೊಡುವ ಜೋಶಾಂದಾ ಕಷಾಯದ ಸಾಮಗ್ರಿಗಳಲ್ಲಿ ಖತ್ಮಿಯೂ ಒಂದು. ಗಂಟಲನ್ನು ಹಿತಗೊಳಿಸುವುದು ಅದರ ಲೋಳೆ. ಎರಡನೆಯದು ಬಂಗಲೆಯ ದಾರಿ. ಅದನ್ನು ಮುಂದೆ ನೋಡೋಣ.

ಕುಟುಂಬದ ಗುರುತು

ಸಸ್ಯಶಾಸ್ತ್ರ ಓದದವರೂ ಈ ಕುಟುಂಬವನ್ನು ಗುರುತಿಸಬಹುದು. ಒಂದು ದಾಸವಾಳದ ಹೂವನ್ನು ಕೈಯಲ್ಲಿ ಹಿಡಿದು ನೋಡಿ. ಐದು ಎಸಳು. ನಡುವಿನಿಂದ ಹೊರಚಾಚಿದ ಕೊಳವೆಯೊಂದು. ಕೇಸರಗಳು ಬಿಡಿಬಿಡಿಯಾಗಿರದೆ ಈ ಕೊಳವೆಗೆ ಅಂಟಿಕೊಂಡಿರುತ್ತವೆ. ಬೆಂಡೆಯ ಹಳದಿ ಹೂವಿನಲ್ಲಿ, ಹತ್ತಿಯ ಹೂವಿನಲ್ಲಿ, ನಡುವೆ ಕಡುಗೆಂಪು ಬೊಟ್ಟಿರುವ ಪುಂಡಿಯ ಹೂವಿನಲ್ಲಿ, ಹಾಲಿಹಾಕ್‌ನಲ್ಲಿ ಎಲ್ಲೆಡೆಯೂ ಇದೇ ರಚನೆ.

ಎರಡನೆಯ ಗುರುತು ಲೋಳೆ. ಬೆಂಡೆಕಾಯಿ ಹೆಚ್ಚುವವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ದಾಸವಾಳದ ಎಲೆಯನ್ನು ಅರೆದು ತಲೆಗೆ ಹಚ್ಚುವುದೂ, ಕರಾವಳಿಯಲ್ಲಿ ಅದೇ ಎಲೆ ಹಾಕಿ ದೋಸೆ ಹೊಯ್ಯುವುದೂ ಆ ಲೋಳೆಯ ಗುಣದಿಂದಲೇ. ಮಕ್ಕಳು ಇಷ್ಟಪಡುವ ಮಾರ್ಷ್‌ಮ್ಯಾಲೊ ಮಿಠಾಯಿಗೆ ಆ ಹೆಸರು ಬಂದದ್ದು ಹಾಲಿಹಾಕ್‌ನ ದಾಯಾದಿಯಾದ ಒಂದು ಜೌಗುನೆಲದ ಗಿಡದಿಂದ. ಹಿಂದೆ ಅದರ ಬೇರಿನ ಲೋಳೆಯಿಂದ ಮಾಡುತ್ತಿದ್ದ ತಿನಿಸು ಈಗ ಹೆಸರಿನಲ್ಲಷ್ಟೇ ಗಿಡವನ್ನು ಉಳಿಸಿಕೊಂಡಿದೆ.

ಮೂರನೆಯದು ನಾರು. ಪುಂಡಿಯ ಎಲೆ ಪಲ್ಯಕ್ಕಾದರೆ ಕಾಂಡದ ತೊಗಟೆ ಹಗ್ಗಕ್ಕೆ. ನೀರಿನಲ್ಲಿ ಕೊಳೆಹಾಕಿ ಬಡಿದು ತೆಗೆದ ಪುಂಡಿನಾರಿನಿಂದ ಹೊಸೆದ ಹಗ್ಗ ಪ್ಲಾಸ್ಟಿಕ್ ಹಗ್ಗ ಬರುವವರೆಗೂ ಉತ್ತರ ಕರ್ನಾಟಕದ ಒಕ್ಕಲುತನದ ಅಂಗವಾಗಿತ್ತು. ಹಾಲಿಹಾಕ್‌ನ ಒಣಕಾಂಡವನ್ನು ಸುಲಿದರೂ ಇಂಥದೇ ನಾರು ಏಳುತ್ತದೆ.

ನಾಲ್ಕನೆಯ ಗುರುತು ಹಾಲಿಹಾಕ್‌ಗೂ ಕೆಲವು ನಂಟರಿಗೂ ಮಾತ್ರ ಸೇರಿದ್ದು. ಇದರ ಕಾಯಿ ಒಂದು ಪುಟ್ಟ ಚಕ್ರ. ಅದರಲ್ಲಿ ಚಪ್ಪಟೆ ಬೀಜಗಳು ನಾಣ್ಯಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಸುತ್ತುಗಟ್ಟಿರುತ್ತವೆ. ದಾರಿಬದಿಯ ಶ್ರೀಮುದ್ರೆ ಗಿಡದ ಕಾಯಿಯನ್ನು ಕಂಡವರಿಗೆ ಇದು ಹೊಸದೆನಿಸದು. ಮುದ್ರೆಯಂತೆ ಒತ್ತಬಹುದಾದ ಕಾಯಿಯಿಂದಲೇ ಅದಕ್ಕೆ ಆ ಹೆಸರು ಬಂದದ್ದು. ಯಾರೂ ಬಿತ್ತದೆ ತಿಪ್ಪೆಯ ಅಂಚಿನಲ್ಲಿ ಹಳದಿ ಹೂಬಿಡುವ ಆ ಕಳೆಗಿಡ, ಹಣ ಕೊಟ್ಟು ತಂದ ಹಾಲಿಹಾಕ್‌ಗೆ ನಂಟ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ!

ಬಂಗಲೆಯ ಮುಂದೆ, ಮನೆಯ ಹಿಂದೆ

ಬಳ್ಳಾರಿ ಸೀಮೆಗೆ ಹೂವಿನ ಮೋಹ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಈ ಊರಿನ ಜನರಿಗೆ ಗುಲಾಬಿ ಅನ್ನದಷ್ಟೇ ಅಗತ್ಯವೆಂಬಂತೆ ತೋರುತ್ತದೆ, ಎಲ್ಲೆಲ್ಲೂ ಗುಲಾಬಿ ಮಾರುವವರೇ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಆದರೆ ಆ ಹೂವು ಮುಡಿಯಲು, ಪೂಜೆಗೆ, ಸುಗಂಧಕ್ಕೆ. ಗಿಡದಲ್ಲೇ ಬಿಟ್ಟು ದೂರದಿಂದ ನೋಡಿ ಸಂತೋಷಪಡುವುದಕ್ಕಾಗಿ ಮನೆಯ ಮುಂದೆ ಪಾತಿ ಮಾಡಿ ಹೂ ಬೆಳೆಸುವ ಪದ್ಧತಿ ಸಾಮಾನ್ಯರ ಮನೆಗೆ ಬಂದದ್ದು ಬಹಳ ತಡವಾಗಿ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಸೀಮೆಗಳ ಬಹುಭಾಗವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾದ ಈ ಪ್ರದೇಶಕ್ಕೆ ಥಾಮಸ್ ಮನ್ರೊ ಪ್ರಧಾನ ಕಲೆಕ್ಟರ್ ಆಗಿ ಬಂದು 1807ರವರೆಗೆ ಇದ್ದ. ಬಳ್ಳಾರಿ ಮದ್ರಾಸ್ ಪ್ರಾಂತ್ಯದ ದೊಡ್ಡ ಸೈನಿಕ ಠಾಣೆಯಾಯಿತು. ಕಂಟೋನ್ಮೆಂಟ್, ಕೌಲ್‌ಬಜಾರ್, ಬ್ರೂಸ್‌ಪೇಟೆ ಎಂಬ ಹೆಸರುಗಳು ಆ ಕಾಲದ ಗುರುತಾಗಿ ಇಂದಿಗೂ ಉಳಿದಿವೆ. ಭಾರತದ ಇಂಥ ದಂಡುಪ್ರದೇಶಗಳಲ್ಲೆಲ್ಲ ಒಂದು ಹೊಸ ಬಗೆಯ ತೋಟ ಹುಟ್ಟಿಕೊಂಡಿತು. ಮಳೆಗಾಲ ಮುಗಿಯುತ್ತಿದ್ದಂತೆ ವಿಲಾಯತಿ ಬೀಜಗಳನ್ನು ಬಿತ್ತಿ, ಚಳಿಗಾಲದ ನಾಲ್ಕು ತಿಂಗಳು ತವರಿನ ಹೂಗಳನ್ನು ಕಣ್ತುಂಬಿಕೊಂಡು, ಬೇಸಿಗೆಗೆ ಅವು ಸತ್ತಾಗ ಮತ್ತೆ ಬೀಜಕ್ಕೆ ಬರೆಯುವ ತೋಟ. ಬಂಗಾಳದಲ್ಲಿ ಪಾದ್ರಿಯಾಗಿದ್ದ ಫರ್ಮಿಂಗರ್ 1860ರ ದಶಕದಲ್ಲಿ ಇಂಥವರಿಗಾಗಿಯೇ ತೋಟಗಾರಿಕೆಯ ಕೈಪಿಡಿಯೊಂದನ್ನು ಪ್ರಕಟಿಸಿದ. ಅದು ಮತ್ತೆ ಮತ್ತೆ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಬಹುವಾರ್ಷಿಕವಾಗಿದ್ದ ಹಾಲಿಹಾಕ್ ನಮ್ಮ ಬಯಲುಸೀಮೆಯಲ್ಲಿ ‘ಚಳಿಗಾಲದ ಏಕವಾರ್ಷಿಕ’ ಎಂದು ಪಟ್ಟಿಯಾದದ್ದು ಈ ಅನುಭವದಿಂದ.

ಮೈಸೂರು ಸಂಸ್ಥಾನದಲ್ಲಿ ಈ ಹವ್ಯಾಸಕ್ಕೆ ಒಂದು ಗುರುಕುಲವೇ ಇತ್ತು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜರ್ಮನಿಯಿಂದ ಬಂದ ಜಿ.ಎಚ್. ಕ್ರುಂಬಿಗಲ್ 1908ರಿಂದ 1932ರವರೆಗೆ ಅದರ ಹೊಣೆ ಹೊತ್ತರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಫಲಪುಷ್ಪ ಪ್ರದರ್ಶನಗಳು ಬೆಂಗಳೂರಿನ ಮಧ್ಯಮವರ್ಗದ ಮನೆಗಳಿಗೂ ಹೂಪಾತಿಯ ಆಸೆ ಹತ್ತಿಸಿದವು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಬಂಗಲೆಯ ಹೂವು ಸಾಮಾನ್ಯರ ಕಾಂಪೌಂಡಿಗೂ ಇಳಿದಿತ್ತು.

ಎರೆನಾಡಿನ ಹಳ್ಳಿಯ ಮನೆಯ ಕ್ರಮವೇ ಬೇರೆ. ಅಲ್ಲಿ ಮುಂಭಾಗ ಕಟ್ಟೆಗೆ, ದನಕ್ಕೆ, ಬಂಡಿಗೆ. ಗಿಡಗಳ ಜಾಗ ಹಿತ್ತಲು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಗೋಡೆಗೆ ಒರಗಿ ದಾಸವಾಳ, ಪಕ್ಕದಲ್ಲಿ ನಾಲ್ಕು ಬೆಂಡೆ, ಒಂದು ಸಾಲು ಪುಂಡಿ. ಇದನ್ನು ಯಾರೂ ‘ಗಾರ್ಡನ್’ ಎಂದು ಕರೆಯಲಿಲ್ಲ. ಆದರೆ ನಿಜವಾದ ಬಹುವಾರ್ಷಿಕ ತೋಟ ಇದೇ. ದಾಸವಾಳವನ್ನೇ ನೋಡಿ. ನಮ್ಮ ಮನೆಗಳ ದಾಸವಾಳ ಬೀಜ ಕಟ್ಟುವುದು ಅಪರೂಪ. ಅದು ಊರಿಂದೂರಿಗೆ ಹೋದದ್ದು ಬೀಜದ ಪೊಟ್ಟಣದಲ್ಲಲ್ಲ, ನೆರೆಮನೆಯಿಂದ ಮುರಿದು ತಂದ ಟೊಂಗೆಯಲ್ಲಿ. ಒಂದು ಕೇರಿಯ ದಾಸವಾಳಗಳೆಲ್ಲ ಒಂದೇ ತಾಯಿಗಿಡದ ತುಂಡುಗಳಾಗಿರಬಹುದು. ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ, ಕೇಳುವುದು ಮತ್ತು ಕೊಡುವುದು ಮಾತ್ರ.

ಹತ್ತಿಯ ಪಾಲಿಗೆ ಬಂದದ್ದು

ಬಾದನಹಟ್ಟಿಯ ‘ಹಟ್ಟಿ’ಗೂ ಹತ್ತಿಗೂ ಶಬ್ದದ ನಂಟಿಲ್ಲ. ಹಟ್ಟಿ ಎಂದರೆ ದನಕರುಗಳೊಂದಿಗೆ ಜನ ನೆಲೆನಿಂತ ತಾಣ. ಆದರೆ ಈ ಸೀಮೆಯ ಚರಿತ್ರೆಯಲ್ಲಿ ಹಟ್ಟಿಗೂ ಹತ್ತಿಗೂ ಬಿಡಿಸಲಾಗದ ಗಂಟಿದೆ. ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿ, ಹೆಸರು, ಕೊರಲೆಯಂಥ ಧಾನ್ಯಗಳ ಸುಟ್ಟ ಕಾಳುಗಳು ದೊರೆತಿವೆ. ಹತ್ತಿ ಬಂದದ್ದು ಅನಂತರ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಹತ್ತಿಯ ಅವಶೇಷ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದ್ದು. ಎಂದರೆ ಕನ್ನಡ ನೆಲದಲ್ಲಿ ಹತ್ತಿಗೆ ಹತ್ತಿರ ಹತ್ತಿರ 3,000 ವರ್ಷದ ವಯಸ್ಸು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹತ್ತಿ ಮೂಲತಃ ಬಹುವಾರ್ಷಿಕ ಗಿಡ. ಪೊದೆಯಾಗಿ, ಪುಟ್ಟ ಮರವಾಗಿ ವರ್ಷಗಟ್ಟಲೆ ಉಳಿಯುವ ಸಸ್ಯವನ್ನು ಮನುಷ್ಯ ತಲೆತಲಾಂತರದಿಂದ ಆರಿಸಿ ಆರಿಸಿ, ಒಂದೇ ಹಂಗಾಮಿನಲ್ಲಿ ಬೆಳೆದು ಮುಗಿಯುವ ಹೊಲದ ಬೆಳೆಯನ್ನಾಗಿಸಿದ. ಹಾಲಿಹಾಕ್‌ನಲ್ಲಿಯೂ ನಡೆದದ್ದು ಇದೇ. ಮೊದಲ ವರ್ಷ ಎಲೆ, ಚಳಿಯುಂಡ ಮೇಲೆ ಎರಡನೆಯ ವರ್ಷ ಹೂ ಎಂಬುದು ಅದರ ಹಳೆಯ ಸ್ವಭಾವ. ಬಿತ್ತಿದ ವರ್ಷವೇ ಹೂಬಿಡುವ ತಳಿಗಳನ್ನು ತೋಟಗಾರರು ಆಮೇಲೆ ಆರಿಸಿಕೊಂಡರು. ಹತ್ತಿಯ ಹಳೆಯ ಸ್ವಭಾವ ಉಳಿದುಕೊಂಡದ್ದು ಹಿತ್ತಲಿನಲ್ಲಿ. ದೀಪದ ಹೂಬತ್ತಿಗೆ, ದೇವರ ಗೆಜ್ಜೆವಸ್ತ್ರಕ್ಕೆಂದು ಒಂದೆರಡು ಮರಹತ್ತಿ ಗಿಡಗಳನ್ನು ಬೆಳೆಸಿಕೊಂಡ ಮನೆಗಳು ಕರ್ನಾಟಕದಲ್ಲಿ ಹಲವು. ಹೊಲದಿಂದ ಹೊರಬಿದ್ದ ಗಿಡಕ್ಕೆ ದೇವರಮನೆ ಆಶ್ರಯ ಕೊಟ್ಟಿತು.

ಹೊಲದ ಹತ್ತಿಯ ಕಥೆ ಬೇರೆ ದಿಕ್ಕು ಹಿಡಿಯಿತು. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ, ಅನಂತಪುರ ಸೀಮೆಯ ದೇಸಿ ಹತ್ತಿ ‘ವೆಸ್ಟರ್ನ್ಸ್’ ಎಂಬ ವ್ಯಾಪಾರದ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಎಳೆ ಗಿಡ್ಡ, ಆದರೆ ಮಳೆ ಕೈಕೊಟ್ಟರೂ ಎರೆಯ ತೇವ ಹಿಡಿದು ಬದುಕುವ ಗಟ್ಟಿ ಗಿಡ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯ ಸೀಮೆಗೆ ಬೇಕಾದದ್ದೂ ಅದೇ. 1906ರಲ್ಲಿ ಹಗರಿಯಲ್ಲಿ ಸ್ಥಾಪನೆಯಾದ ಕೃಷಿ ಕ್ಷೇತ್ರ ಈ ನಾಡಹತ್ತಿಯಿಂದಲೇ ಉತ್ತಮ ಗಿಡಗಳನ್ನು ಆರಿಸಿ ‘ಹಗರಿ-1’ ಎಂಬ ತಳಿಯನ್ನು ಕೊಟ್ಟಿತು. ರೈತ ಅದರ ಬೀಜವನ್ನು ತನ್ನ ಹೊಲದಲ್ಲೇ ಮಾಡಿಕೊಳ್ಳಬಹುದಾಗಿತ್ತು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ಆರಂಭವಾದದ್ದು 1937ರಲ್ಲಿ. ಎರಡೂ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಆಡಳಿತದಲ್ಲಿವೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಸಿರುಗುಪ್ಪ, ಕುರುಗೋಡು ಭಾಗದ ಚಿತ್ರವೇ ಬದಲಾಯಿತು. ಕಾಲುವೆ ತಲುಪಿದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಹತ್ತಿಯಲ್ಲಿಯೂ ಹೊಸ ಯುಗ ಬಂತು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ 1972ರಲ್ಲಿ ಬಿಡುಗಡೆ ಮಾಡಿದ ‘ವರಲಕ್ಷ್ಮಿ’ ಸಂಕರಣ ಹತ್ತಿ ಉದ್ದನೆಯ ಎಳೆಯಿಂದ ದೇಶದ ಗಮನ ಸೆಳೆಯಿತು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆಯಿತು. ಒಂದು ದಶಕ ಕಳೆಯುವಷ್ಟರಲ್ಲಿ ದೇಶದ ಹತ್ತಿ ಹೊಲಗಳಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ಅದರದೇ ಆಯಿತು. ಇಳುವರಿ ಏರಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಕರಣ ಬೀಜಕ್ಕೆ ಒಂದು ಕಟ್ಟುಪಾಡಿದೆ. ಅದರ ಬೆಳೆಯಿಂದ ಎತ್ತಿಟ್ಟ ಬೀಜ ಮರುವರ್ಷ ತಾಯಿಯಂತೆ ಬೆಳೆಯದು, ಗಿಡಕ್ಕೊಂದು ಗುಣವಾಗುತ್ತದೆ. ಆದ್ದರಿಂದ ಪ್ರತಿ ಮುಂಗಾರಿಗೂ ಅಂಗಡಿಯ ಮುಂದೆ ನಿಲ್ಲಲೇಬೇಕು. ಬಂಗಲೆಯ ದೊರೆ ಪ್ರತಿ ಚಳಿಗಾಲಕ್ಕೂ ಹೂವಿನ ಬೀಜಕ್ಕೆ ವಿಲಾಯತಿಗೆ ಬರೆಯುತ್ತಿದ್ದಂತೆ ಎರೆಹೊಲದ ರೈತನೂ ಬೀಜಕ್ಕಾಗಿ ಹೊರಗೆ ಕೈಚಾಚುವಂತಾಯಿತು. ವ್ಯತ್ಯಾಸವೆಂದರೆ ದೊರೆಗೆ ಅದು ವಿನೋದ, ರೈತನಿಗೆ ಜೀವನ.

ಒಂದು ರೋಗ, ಒಂದು ಪಾಠ

ಬೀಜದಲ್ಲಿ ವೈವಿಧ್ಯ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಹಾಲಿಹಾಕ್‌ನ ಚರಿತ್ರೆಯಲ್ಲೇ ಒಂದು ಪ್ರಸಂಗವಿದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಸಾಫ್ರನ್ ವಾಲ್ಡನ್ ಎಂಬ ಊರಿನ ವಿಲಿಯಂ ಚೇಟರ್ 19ನೇ ಶತಮಾನದಲ್ಲಿ ಒತ್ತು ಎಸಳಿನ ಹಾಲಿಹಾಕ್ ತಳಿಗಳಿಗೆ ಹೆಸರಾಗಿದ್ದ. ಉತ್ತಮ ಗಿಡಗಳ ತುಂಡುಗಳಿಂದಲೇ ಹೊಸ ಗಿಡ ಮಾಡುವುದು ಆ ಕಾಲದ ನರ್ಸರಿಗಳ ರೂಢಿ. ಇತ್ತ ದಕ್ಷಿಣ ಅಮೆರಿಕದ ಚಿಲಿ ದೇಶದ ಸಸ್ಯಗಳಲ್ಲಿ ಕಂಡ ತುಕ್ಕು ರೋಗದ ಶಿಲೀಂಧ್ರವೊಂದನ್ನು 1852ರಲ್ಲಿ ವಿಜ್ಞಾನಿಗಳು ವಿವರಿಸಿದ್ದರು. 1869ರಲ್ಲಿ ಅದು ಸ್ಪೇನಿನಲ್ಲಿ ಕಾಣಿಸಿಕೊಂಡಿತು. 1873ರಲ್ಲಿ ಇಂಗ್ಲೆಂಡ್ ಮುಟ್ಟಿತು. ಎಲೆಯ ಅಡಿಯಲ್ಲಿ ಕಿತ್ತಳೆ-ಕಂದು ಗುಳ್ಳೆಗಳೆದ್ದು ಗಿಡಗಳು ಸೊರಗಿದವು. ಚೇಟರನ ನರ್ಸರಿ ನೆಲಕಚ್ಚಿತು. ಹಾಲಿಹಾಕ್ ಮತ್ತೆ ಚೇತರಿಸಿಕೊಂಡದ್ದು ಬೀಜದಿಂದ ಬೆಳೆಸಿದ ಗಿಡಗಳಿಂದ. ಚೇಟರನ ಹೆಸರಿನ ತಳಿಯ ಬೀಜ ಇಂದಿಗೂ ಮಾರುಕಟ್ಟೆಯಲ್ಲಿದೆ.

ನಮ್ಮ ಬೆಂಡೆಯ ಕಥೆಯೂ ಇದಕ್ಕೆ ಹತ್ತಿರದ್ದು. ಬಿಳಿನೊಣ ಹರಡುವ ಹಳದಿ ನರ ರೋಗ ಬೆಂಡೆಗೆ ದೊಡ್ಡ ಶತ್ರು. ಅದನ್ನು ತಡೆದುಕೊಳ್ಳುವ ‘ಪೂಸಾ ಸಾವನಿ’ ತಳಿ 1960ರ ಸುಮಾರಿಗೆ ದೆಹಲಿಯಿಂದ ಬಂತು. ದೇಶವೆಲ್ಲ ಅದನ್ನೇ ಬೆಳೆಯಿತು. ವರ್ಷಗಳು ಕಳೆದಂತೆ ಆ ಶಕ್ತಿ ಕುಂದಿತು. ಪರಿಹಾರ ಸಿಕ್ಕಿದ್ದು ಕಾಡುಬೆಂಡೆಯಲ್ಲಿ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾಡು ನಂಟನೊಂದಿಗೆ ಬೆಂಡೆಯನ್ನು ಕೂಡಿಸಿ ‘ಅರ್ಕಾ ಅನಾಮಿಕ’ ತಳಿ ರೂಪಿಸಿದರು. ಬಿ.ಟಿ. ಹತ್ತಿಯ ವಿಷಯದಲ್ಲಿಯೂ ಗುಲಾಬಿ ಕಾಯಿಕೊರಕ ಹುಳು ಅದರ ನಂಜನ್ನು ಅರಗಿಸಿಕೊಂಡ ಸಂಗತಿ 2010ರ ಆಸುಪಾಸಿನಲ್ಲಿ ಗುಜರಾತಿನಿಂದ ವರದಿಯಾಯಿತು. ಮುಂದೆ ಎರಡು ಜೀನುಗಳ ಹತ್ತಿಗೂ ಅದೇ ಗತಿ ಬಂತು. ಮೂರೂ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಮಾತು. ಎಲ್ಲರೂ ಒಂದನ್ನೇ ಬೆಳೆದಾಗ ಶತ್ರುವಿಗೆ ಒಂದೇ ಬೀಗ ಮುರಿದರೆ ಸಾಕಾಗುತ್ತದೆ. ಆಗ ಕೈಹಿಡಿಯುವುದು ಎಲ್ಲೋ ಮೂಲೆಯಲ್ಲಿ ಉಳಿದ ಹಳೆಯ ಬೀಜ, ಕಾಡು ನಂಟ.

ಎರೆಮಣ್ಣಿನಲ್ಲಿ ಬೆಳೆಸುವ ಬಗೆ

ಇಷ್ಟು ತಿಳಿದ ಮೇಲೆ ಬಾದನಹಟ್ಟಿಯ ಹಿತ್ತಲಲ್ಲಿ ಹಾಲಿಹಾಕ್ ಬೆಳೆಸುವುದು ಹೇಗೆಂದು ನೋಡೋಣ. ಮೊದಲ ತೊಡಕು ಮಣ್ಣಿನದು. ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಅಂಟಾಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಹಾಲಿಹಾಕ್‌ಗೆ ಉದ್ದನೆಯ ತಾಯಿಬೇರು. ನೀರು ನಿಂತರೆ ಅದು ಕೊಳೆಯುತ್ತದೆ. ಆದ್ದರಿಂದ ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ಮಡಿ ಏರಿಸಿ, ಹಳ್ಳದ ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಬೇಕು. ಬೆಳಗಿನ ಬಿಸಿಲು ಬೀಳುವ ಗೋಡೆಯ ಬದಿ ಒಳ್ಳೆಯದು. ಗಿಡ ಐದಾರು ಅಡಿಗೂ ಮೀರಿ ಏಳುವುದರಿಂದ ಗೋಡೆ ಗಾಳಿಗೆ ಆಸರೆಯಾಗುತ್ತದೆ.

ಎರಡನೆಯದು ಕಾಲ. ದಸರೆಯಿಂದ ದೀಪಾವಳಿಯೊಳಗೆ ಬಿತ್ತನೆ ಮುಗಿಯಬೇಕು. ತಡವಾದರೆ ಹೂಬಿಡುವ ಮೊದಲೇ ಬಿಸಿಲು ಬರುತ್ತದೆ. ಬಿತ್ತಿದ ವರ್ಷವೇ ಹೂಬಿಡುವ ತಳಿಯನ್ನೇ ಕೇಳಿ ಪಡೆಯಬೇಕು. ಹಳೆಯ ಬಗೆಯ ಬೀಜ ತಂದರೆ ಚಳಿ ಸಾಲದೆ ಬರೀ ಎಲೆಯೇ ಉಳಿದೀತು. ಬೀಜವನ್ನು ಅರ್ಧ ಬೆರಳಿನಷ್ಟು ಆಳಕ್ಕೆ, ಸಾಧ್ಯವಾದರೆ ಬೆಳೆಯಬೇಕಾದ ಜಾಗದಲ್ಲೇ ಊರಬೇಕು. ತಾಯಿಬೇರಿನ ಗಿಡ ಕಿತ್ತು ನೆಡುವುದನ್ನು ಸಹಿಸುವುದಿಲ್ಲ. ಎರಡು ವಾರದೊಳಗೆ ಮೊಳಕೆ ಬರುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯಾದರೂ ಅಂತರವಿರಲಿ. ನೀರನ್ನು ಬುಡಕ್ಕೆ ಮಾತ್ರ ಹಾಕಿ. ಎಲೆ ತೊಯ್ದಷ್ಟೂ ತುಕ್ಕು ರೋಗಕ್ಕೆ ಅನುಕೂಲ. ಗುಳ್ಳೆ ಕಂಡ ಕೆಳಗಿನ ಎಲೆಗಳನ್ನು ಕಿತ್ತು ಸುಟ್ಟುಬಿಡುವುದು ಸರಳ ಉಪಾಯ.

ಮೂರನೆಯದು ನಂಟಸ್ತನದ ಫಲ. ಒಂದೇ ಕುಟುಂಬವೆಂದ ಮೇಲೆ ಶತ್ರುಗಳೂ ಹಂಚಿಕೆಯಾಗುತ್ತಾರೆ. ಹತ್ತಿಯ ಕೆಂಪು ತಿಗಣೆ, ಬೆಂಡೆಯನ್ನೂ ಹತ್ತಿಯನ್ನೂ ಕೊರೆಯುವ ಚುಕ್ಕೆ ಕಾಯಿಕೊರಕ, ಹಳದಿ ನರ ರೋಗ ಇವೆಲ್ಲ ಹಾಲಿಹಾಕ್‌ಗೂ ಬರುತ್ತವೆ. ಹೊಲದಲ್ಲಿ ಹತ್ತಿಯಿಲ್ಲದ ದಿನಗಳಲ್ಲಿ ಇಂಥ ಕೀಟಗಳು ಹಿತ್ತಲ ಗಿಡದಲ್ಲಿ ತಂಗಿ ಕಾಲ ತಳ್ಳಬಲ್ಲವು. ಹತ್ತಿ ಬೆಳೆಯುವ ಊರಿನಲ್ಲಿ ಹೂ ಮುಗಿದು ಬೀಜ ಬಲಿತ ಕೂಡಲೇ ಗಿಡವನ್ನು ಬುಡಸಮೇತ ಕಿತ್ತು ತೆಗೆಯುವುದು ನೆರೆಹೊಲದವರಿಗೆ ಮಾಡುವ ಉಪಕಾರ. ಅದನ್ನು ಬಲವಂತವಾಗಿ ಎರಡನೆಯ ವರ್ಷಕ್ಕೆ ಉಳಿಸಹೋಗುವುದರಲ್ಲಿ ಅರ್ಥವಿಲ್ಲ.

ಉಳಿಸಬೇಕಾದದ್ದು ಬೀಜವನ್ನು. ಕಾಂಡದ ಕೆಳಗಿನ ಹೂಗಳು ಮೊದಲು ಅರಳುವುದರಿಂದ ಕಾಯಿ ಬಲಿಯುವುದೂ ಕೆಳಗಿನಿಂದಲೇ. ಚಕ್ರದಂಥ ಕಾಯಿ ಕಂದುಬಣ್ಣಕ್ಕೆ ತಿರುಗಿ ಬಿರಿಯತೊಡಗಿದಾಗ ಬಿಡಿಸಿ, ನೆರಳಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟರೆ ಮುಂದಿನ ದಸರೆಗೆ ಸಿದ್ಧ. ಒತ್ತು ಎಸಳಿನ ಹೂಗಳಿಗಿಂತ ಐದೆಸಳಿನ ಹೂಗಳು ಹೆಚ್ಚು ಬೀಜ ಕಟ್ಟುತ್ತವೆ. ಜೇನ್ನೊಣಗಳು ಗಿಡದಿಂದ ಗಿಡಕ್ಕೆ ಹಾರಾಡುವುದರಿಂದ ಬಣ್ಣಗಳು ಕಲೆತು ಮರುವರ್ಷ ಹೊಸ ಬಣ್ಣವೂ ಬರಬಹುದು. ಅದನ್ನು ದೋಷವೆನ್ನಬೇಕಾಗಿಲ್ಲ. ಹೀಗೆ ಪ್ರತಿ ವರ್ಷ ಚೆನ್ನಾಗಿ ಬಂದ ಗಿಡದಿಂದಲೇ ಬೀಜ ಎತ್ತಿಡುತ್ತ ಹೋದರೆ ನಿಧಾನವಾಗಿ ಆ ಹಿತ್ತಲಿಗೆ ಒಗ್ಗಿದ ಹಾಲಿಹಾಕ್ ಸಿದ್ಧವಾಗುತ್ತದೆ. ನಮ್ಮ ಹಿರಿಯರು ಹತ್ತಿಗೆ, ಪುಂಡಿಗೆ, ಬೆಂಡೆಗೆ ಮಾಡಿದ್ದು ಇದನ್ನೇ.

ಬಹುವಾರ್ಷಿಕ ಎಂಬ ಮಾತಿಗೆ ಎರೆನಾಡಿನಲ್ಲಿರುವ ಅರ್ಥ ಇದು. ಇಲ್ಲಿನ ಬಿಸಿಲಿಗೆ ಬೇರು ಸತ್ತರೂ ಡಬ್ಬಿಯಲ್ಲಿರುವ ಬೀಜ ಸಾಯುವುದಿಲ್ಲ. ಹೊಲದ ಬೀಜ ಅಂಗಡಿಯ ಪಾಲಾದ ಮೇಲೆ, ತಮ್ಮದೇ ಬೀಜವನ್ನು ಆರಿಸಿ ಎತ್ತಿಡುವ ಅಭ್ಯಾಸ ಉಳಿದಿರುವ ಕೊನೆಯ ಜಾಗಗಳಲ್ಲಿ ಹಿತ್ತಲೂ ಒಂದು. ಆ ಅಭ್ಯಾಸ ಹೆಚ್ಚಾಗಿ ಹೆಂಗಸರ ಕೈಯಲ್ಲಿದೆ, ಹೆಚ್ಚಾಗಿ ಯಾರ ಲೆಕ್ಕಕ್ಕೂ ಬಾರದೆ ನಡೆದಿದೆ. ಹೊರಗಿನಿಂದ ಬಂದ ಹೂವೊಂದು ಪುಂಡಿ, ಬೆಂಡೆಗಳ ಬೀಜದ ಪಕ್ಕದಲ್ಲಿ ಅದೇ ಬೂದಿಯ ಡಬ್ಬಿಯಲ್ಲಿ ಜಾಗ ಪಡೆದ ದಿನ, ಅದನ್ನು ಪರದೇಶಿ ಎನ್ನುವ ಕಾರಣ ಉಳಿಯುವುದಿಲ್ಲ.